ದುಡ್ಡು ಕೊಟ್ಟು ತಗೊಂಡ ಟಿಕ್ಕು, ನಾಚಿಕೆ ಯಾರಿಗೆ?

ಆಗುಂಬೆ ಕಡೆಯ ಒಂದು ಹೋಂಸ್ಟೇಯ ಇನ್‌ಸ್ಟಾಗ್ರಾಂ ಪುಟ ಅಂತ ಇಟ್ಟುಕೊಳ್ಳಿ. ಮಳೆ ನೀರು ಸುರಿಯುವ ಹೆಂಚಿನ ಮಾಡು, ಉದ್ದನೆಯ ಜಗುಲಿ, ಹಿಂದೆ ಅಡಿಕೆ ತೋಟ. ಒಂದು ಬೆಳಿಗ್ಗೆ ಹೆಸರಿನ ಪಕ್ಕ, ಖಾತೆ ಪರಿಶೀಲಿತ ಎಂದು ಹೇಳುವ ನೀಲಿ ಟಿಕ್ ಕಾಣಿಸುತ್ತದೆ. ಅಡಿಯಲ್ಲಿ ಬೀಳುವ ಮೊದಲ ಕಾಮೆಂಟು ಊರಿನವನದೇ: "ಎಂತ ಮಾರಾಯ, ದುಡ್ಡು ಕೊಟ್ಟು ತಗಂಡ್ಯಾ?" ಅದಕ್ಕೆ ಸಾಲಾಗಿ ನಗುವ ಇಮೋಜಿಗಳು. ಪುಟದ ಮಾಲೀಕ ಉತ್ತರ ಕೊಡುವುದಿಲ್ಲ. ಮುಂದಿನ ತಿಂಗಳು ಹಣ ಕಟ್ಟುವುದನ್ನು ನಿಲ್ಲಿಸುತ್ತಾನೆ, ಟಿಕ್ ಹೋಗುತ್ತದೆ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಫೋನಿನಲ್ಲಿ ವ್ಯಾಪಾರ ಮಾಡುವ, ಹಾಡುವ, ವೇಷ ಕಟ್ಟುವ, ಕೃಷಿಯ ರೀಲ್ಸ್ ಮಾಡುವ ಎಷ್ಟೋ ಜನ ಟಿಕ್ ಬೇಕು ಅನ್ನಿಸಿದರೂ ಕೈ ಹಿಂದೆ ಎಳೆದುಕೊಳ್ಳುವುದು ದುಡ್ಡಿನ ಕಾರಣಕ್ಕಲ್ಲ, ಈ ಒಂದು ಮಾತಿನ ಕಾರಣಕ್ಕೆ. ಇದರಲ್ಲಿ ಒಂದು ವಿಚಿತ್ರವಿದೆ. ದುಡ್ಡು ಕೊಟ್ಟು ಗೌರವ ಪಡೆಯುವುದು ನಮ್ಮ ಕಡೆ ಹೊಸದೇನಲ್ಲ. ಯಾವುದೇ ಸಮುದಾಯ ಭವನದಲ್ಲಿ ಊಟಕ್ಕೆ ಕೂತು ತಲೆ ಎತ್ತಿ ನೋಡಿ: ಫ್ಯಾನಿನ ರೆಕ್ಕೆಯ ಮೇಲೆ ಕೆಂಪು ಬಣ್ಣದಲ್ಲಿ ದಾನಿಗಳ ಹೆಸರು, ಗೋಡೆಯ ಗಡಿಯಾರದ ಮುಖದ ಮೇಲೆ ಇನ್ನೊಂದು ಹೆಸರು, ಬಾಗಿಲ ಬಳಿಯ ಕಪ್ಪು ಕಲ್ಲಿನಲ್ಲಿ ಐವತ್ತು ಸಾವಿರ ಕೊಟ್ಟವರಿಂದ ಒಂದು ಸಾವಿರ ಕೊಟ್ಟವರ ತನಕ ಇಳಿಕೆಯ ಕ್ರಮದಲ್ಲಿ ಇಡೀ ಊರು. ಯಾರೂ ನಗುವುದಿಲ್ಲ. ಹೆಸರು ಬಿಟ್ಟುಹೋದರೆ ಜಗಳವಾಗುತ್ತದೆ.

ಹಾಗಾದರೆ ಫ್ಯಾನಿನ ಮೇಲಿನ ಹೆಸರಿಗೆ ಇರುವ ಮರ್ಯಾದೆ ಟಿಕ್ಕಿಗೆ ಯಾಕಿಲ್ಲ?

ಮೊದಲನೆಯ ವ್ಯತ್ಯಾಸ ಸುಲಭವಾಗಿ ಕಾಣುತ್ತದೆ. ಫ್ಯಾನಿನ ಗಾಳಿ ಕೊಡದವನಿಗೂ ಬೀಸುತ್ತದೆ. ಕೊಟ್ಟ ದುಡ್ಡು ಎಲ್ಲರದ್ದಾಗಿ ತಿರುಗುತ್ತಿದೆ. ಎರಡನೆಯದು ಇನ್ನೂ ಮುಖ್ಯ: ಆ ಬರಹ ನಿಜ ಹೇಳುತ್ತದೆ. "ದಾನಿ" ಅಂತಲೇ ಬರೆದಿದೆ. ಇವರು ದುಡ್ಡು ಕೊಟ್ಟರು, ಅಷ್ಟೇ. ಇವರು ವಿದ್ವಾಂಸರು, ಇವರು ಊರಿನ ಹಿರಿಯರು ಅಂತ ಆ ಫ್ಯಾನು ಎಲ್ಲೂ ಹೇಳುವುದಿಲ್ಲ. ಇದಕ್ಕೆ ಎದುರಾಗಿ, ಯಾವುದೋ ಸಂಸ್ಥೆ "ನೋಂದಣಿ ಶುಲ್ಕ" ಕಟ್ಟಿಸಿಕೊಂಡು ಕೊಡುವ ಪ್ರಶಸ್ತಿಯನ್ನು, ಮಾನ್ಯತೆಯೇ ಇಲ್ಲದ ಕಡೆಯಿಂದ ತಂದ ಗೌರವ ಡಾಕ್ಟರೇಟನ್ನು ನೋಡಿ. ಶಾಲು, ಹಾರ, ಫ್ಲೆಕ್ಸು ಎಲ್ಲ ಇದ್ದರೂ ಹಿಂದಿನಿಂದ ನಗು ತಪ್ಪಿದ್ದಲ್ಲ. 1956ರ ಯುಜಿಸಿ ಕಾಯ್ದೆಯ ಪ್ರಕಾರ ಪದವಿ ಕೊಡುವ ಹಕ್ಕು ಇರುವುದು ಕಾನೂನಿನಡಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಿಗೆ ಮತ್ತು ಹಾಗೆ ಅಧಿಕಾರ ಪಡೆದ ಸಂಸ್ಥೆಗಳಿಗೆ ಮಾತ್ರ. "ಡಾ." ಅನ್ನುವ ಒಂದಕ್ಷರ ಓದನ್ನೋ ಸಾಧನೆಯನ್ನೋ ಹೇಳಬೇಕಿತ್ತು, ರಸೀದಿಯನ್ನು ಹೇಳುತ್ತಿದೆ. ಜನ ಅಸಹ್ಯಪಡುವುದು ದುಡ್ಡಿಗಲ್ಲ. ಒಂದು ಹೇಳಬೇಕಾದ ಗುರುತು ಇನ್ನೊಂದು ಹೇಳುವುದಕ್ಕೆ.

ನೀಲಿ ಟಿಕ್ ಮೊದಲು ಏನು ಹೇಳುತ್ತಿತ್ತು ಅನ್ನುವುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

2009ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡವೊಂದರ ಮ್ಯಾನೇಜರ್ ಆಗಿದ್ದ ಟೋನಿ ಲಾ ರೂಸಾ ತಮ್ಮ ಹೆಸರಿನಲ್ಲಿ ಯಾರೋ ನಕಲಿ ಖಾತೆ ನಡೆಸುತ್ತಿದ್ದಾರೆಂದು ಟ್ವಿಟರ್ (ಈಗಿನ ಎಕ್ಸ್) ಮೇಲೆ ಮೊಕದ್ದಮೆ ಹೂಡಿದರು. ಆ ವರ್ಷದ ಜೂನ್‌ನಲ್ಲೇ ಕಂಪನಿ ಪರಿಶೀಲಿತ ಖಾತೆಯ ಗುರುತನ್ನು ತಂದಿತು. ಅಂದರೆ ಟಿಕ್ ಹುಟ್ಟಿದ್ದು ನಕಲಿಯಿಂದ ಅಸಲಿಯನ್ನು ಬೇರೆ ಮಾಡುವುದಕ್ಕೆ. ಆದರೆ ಅದು ಯಾರಿಗೆ ಸಿಗುತ್ತಿತ್ತು? ನಟರು, ರಾಜಕಾರಣಿಗಳು, ಆಟಗಾರರು, ಪತ್ರಕರ್ತರು. ಕೊಡುವ ಕ್ರಮವೂ ಎಲ್ಲರಿಗೂ ಅರ್ಥವಾಗುವಂತೆ ಇರಲಿಲ್ಲ. 2017ರ ನವೆಂಬರ್‌ನಲ್ಲಿ ಒಬ್ಬ ಜನಾಂಗದ್ವೇಷಿಗೆ ಟಿಕ್ ಕೊಟ್ಟು ಟೀಕೆಗೆ ಸಿಕ್ಕಿದ ಮೇಲೆ ಸಾರ್ವಜನಿಕ ಅರ್ಜಿಯನ್ನೇ ನಿಲ್ಲಿಸಿ, 2021ರ ಮೇ ತಿಂಗಳಲ್ಲಿ ಮತ್ತೆ ತೆರೆದರು. ಈ ಹನ್ನೆರಡು ವರ್ಷಗಳಲ್ಲಿ ಗುರುತಿನ ಚಿಹ್ನೆ ತಾನಾಗಿ ಅಂತಸ್ತಿನ ಚಿಹ್ನೆಯಾಗಿ ಬೆಳೆಯಿತು. ಅಸಲಿ ಅನ್ನುವ ಅರ್ಥದ ಮೇಲೆ ದೊಡ್ಡ ಮನುಷ್ಯ ಅನ್ನುವ ಅರ್ಥ ಬಂದು ಕೂತಿತು.

2022ರ ಅಕ್ಟೋಬರ್ ಕೊನೆಗೆ ಇಲಾನ್ ಮಸ್ಕ್ 4,400 ಕೋಟಿ ಡಾಲರಿಗೆ ಕಂಪನಿ ಕೊಂಡರು. ನವೆಂಬರ್ ಎರಡನೇ ವಾರದಲ್ಲಿ ತಿಂಗಳಿಗೆ 8 ಡಾಲರ್ ಕೊಟ್ಟ ಯಾರಿಗೇ ಆದರೂ ಅದೇ ನೀಲಿ ಟಿಕ್ ಸಿಗತೊಡಗಿತು. ಗುರುತಿನ ಚೀಟಿ ತೋರಿಸಬೇಕೆಂಬ ಷರತ್ತು ಇರಲಿಲ್ಲ. ಮರುದಿನವೇ ಆಗಬೇಕಾದ್ದು ಆಯಿತು: ಎಲೈ ಲಿಲ್ಲಿ ಎಂಬ ಔಷಧ ಕಂಪನಿಯ ಹೆಸರಿನಲ್ಲಿ ಟಿಕ್ ಪಡೆದ ಒಂದು ನಕಲಿ ಖಾತೆ ಇನ್ನು ಇನ್ಸುಲಿನ್ ಉಚಿತ ಎಂದು ಬರೆಯಿತು, ಅಸಲಿ ಕಂಪನಿ ಸ್ಪಷ್ಟನೆ ಕೊಡಬೇಕಾಯಿತು. ಯೋಜನೆಯನ್ನು ತಡೆಹಿಡಿದು ಡಿಸೆಂಬರ್ 12ಕ್ಕೆ ಮತ್ತೆ ಶುರು ಮಾಡಿದರು. ಭಾರತಕ್ಕೆ 2023ರ ಫೆಬ್ರವರಿಯಲ್ಲಿ ಬಂತು, ಕಂಪ್ಯೂಟರಿನಲ್ಲಿ ಕಟ್ಟಿದರೆ ತಿಂಗಳಿಗೆ 650 ರೂ., ಫೋನಿನ ಆ್ಯಪಿನಲ್ಲಿ ಕಟ್ಟಿದರೆ 900 ರೂ.

ಇಲ್ಲಿ ಒಂದು ಸಣ್ಣ ವಿಷಯವನ್ನು ಹತ್ತಿರದಿಂದ ನೋಡಬೇಕು. ಮೊದಲ ಕೆಲವು ತಿಂಗಳು ಟಿಕ್ಕಿನ ಮೇಲೆ ಬೆರಳಿಟ್ಟರೆ ವಿವರ ತೆರೆಯುತ್ತಿತ್ತು. ಹಳೆಯ ಟಿಕ್ ಆದರೆ ಒಂದು ವಾಕ್ಯ, ದುಡ್ಡು ಕೊಟ್ಟದ್ದಾದರೆ ಚಂದಾದಾರರಾದ್ದರಿಂದ ಟಿಕ್ ಸಿಕ್ಕಿದೆ ಎನ್ನುವ ಇನ್ನೊಂದು ವಾಕ್ಯ. 2023ರ ಏಪ್ರಿಲ್ ಮೊದಲ ವಾರ ಈ ಎರಡನ್ನೂ ಬೆರೆಸಿದರು: ಚಂದಾದಾರರಾಗಿರುವುದಕ್ಕೆ ಅಥವಾ ಹಳೆಯ ಪರಿಶೀಲಿತ ಖಾತೆ ಆಗಿರುವುದಕ್ಕೆ ಈ ಟಿಕ್ ಇದೆ ಎಂದು ಎಲ್ಲರಿಗೂ ಒಂದೇ ವಾಕ್ಯ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ತಿಳಿಯುವ ದಾರಿ ಮುಚ್ಚಿತು. ಫ್ಯಾನಿನ ಮೇಲಿನ "ದಾನಿ" ಎಂಬ ಪದವನ್ನು ಅಳಿಸಿ ಬರೀ ಹೆಸರು ಉಳಿಸಿದ ಹಾಗೆ. ನಾಚಿಕೆಯನ್ನು ಮುಚ್ಚಲು ಮಾಡಿದ ಈ ಕೆಲಸ ಟಿಕ್ ಇದ್ದ ಎಲ್ಲರ ಮೇಲೂ ಸಂಶಯ ತಂದಿತು.

ಏಪ್ರಿಲ್ 20ಕ್ಕೆ ಹಳೆಯ ಟಿಕ್‌ಗಳನ್ನೆಲ್ಲ ತೆಗೆದರು. ಅಮಿತಾಭ್ ಬಚ್ಚನ್ ದುಡ್ಡು ಕಟ್ಟಿದ್ದೇನೆ, ಟಿಕ್ ವಾಪಸ್ ಕೊಡಿ ಎಂದು ತಮಾಷೆಯಾಗಿ ಕೈಮುಗಿದು ಬರೆದರು. ಬಂದ ಮೇಲೆ, ಹತ್ತು ಲಕ್ಷಕ್ಕಿಂತ ಹೆಚ್ಚು ಹಿಂಬಾಲಕರಿದ್ದವರಿಗೆ ಬಿಟ್ಟಿಯಾಗಿ ಸಿಗುತ್ತಿದೆ ಎಂದು ತಿಳಿದು, ನನ್ನ ದುಡ್ಡಿನ ಗತಿ ಏನು ಎಂದು ಕೇಳಿದರು. ಅತ್ತ ಅಮೆರಿಕದ ಲೇಖಕ ಸ್ಟೀಫನ್ ಕಿಂಗ್ ತಾನು ಚಂದಾ ಕಟ್ಟಿಲ್ಲ, ಆದರೂ ಟಿಕ್ ಇದೆ ಎಂದು ಸಾರಿ ಹೇಳಿಕೊಂಡರು. ಹಿಂದೆ ಟಿಕ್ ಇಲ್ಲ ಎಂದು ಕೊರಗುತ್ತಿದ್ದರು, ಈಗ ಇದ್ದದ್ದಕ್ಕೆ ಸಮಜಾಯಿಷಿ ಕೊಡುವ ಕಾಲ ಬಂತು. ಆಗಸ್ಟ್‌ನಲ್ಲಿ ಕಂಪನಿಯೇ ಟಿಕ್ ಬಚ್ಚಿಡುವ ಸೌಲಭ್ಯ ಕೊಟ್ಟಿತು. ಜನ ದುಡ್ಡು ಕೊಟ್ಟು ಕೊಂಡ ಅಂತಸ್ತನ್ನು ಮುಚ್ಚಿಡಲು ಒಂದು ಬಟನ್ನು ಬೇಕಾಯಿತು ಅನ್ನುವುದಕ್ಕಿಂತ ದೊಡ್ಡ ಸಾಕ್ಷಿ ಈ ವಿಷಯದಲ್ಲಿ ಬೇಕಿಲ್ಲ.

ಶಿವಮೊಗ್ಗದ ಅಡಿಕೆ ಮಂಡಿಗೆ ಹೋಗಿ ಬಂದವರಿಗೆ ಇದರ ಒಳಗುಟ್ಟು ಬೇಗ ತಿಳಿಯುತ್ತದೆ. ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಅಡಿಕೆ ತೆಗೆದು, ಬಣ್ಣ ನೋಡಿ, ನಾಲ್ಕಾರನ್ನು ಕತ್ತರಿಸಿ ಒಳಮೈ ನೋಡಿ ದರ್ಜೆ ಹೇಳುತ್ತಾರೆ: ಸರಕು, ಬೆಟ್ಟೆ, ರಾಶಿ, ಗೊರಬಲು. ಬಲಿತುಹೋದ ಕಾಯಿಯ ಗೊರಬಲಿಗೂ ಮೇಲಿನ ಸರಕಿಗೂ ಕ್ವಿಂಟಲಿಗೆ ಹತ್ತಾರು ಸಾವಿರದ ಅಂತರ. 1939ರಲ್ಲಿ ಶುರುವಾದ ಮಾಮ್ಕೋಸ್‌ನಂಥ ಸಹಕಾರ ಸಂಘದ ಮೇಲೆ ಬೆಳೆಗಾರನಿಗೂ ಖರೀದಿದಾರನಿಗೂ ನಂಬಿಕೆ ಇರುವುದು ಈ ದರ್ಜೆಯ ಮಾತು ಮಾರಾಟಕ್ಕಿಲ್ಲ ಎಂಬ ಕಾರಣಕ್ಕೆ. ನಾಳೆ ಚೀಲಕ್ಕೆ ನೂರು ರೂಪಾಯಿ ಹೆಚ್ಚಿಗೆ ಕಟ್ಟಿದವನ ಗೊರಬಲಿಗೂ "ಸರಕು" ಅಂತ ಚೀಟಿ ಅಂಟಿಸಿದರೆ ಏನಾಗುತ್ತದೆ? ಒಂದು ವಾರ ಅವನಿಗೆ ಲಾಭ. ಎರಡನೇ ವಾರದಿಂದ ಯಾರೂ ಚೀಟಿ ನಂಬುವುದಿಲ್ಲ. ನಿಜವಾದ ಸರಕು ತಂದವನೇ ಚೀಟಿ ಬೇಡ, ಚೀಲ ಬಿಚ್ಚಿ ನೋಡಿ ಎನ್ನತೊಡಗುತ್ತಾನೆ. ಅರ್ಥಶಾಸ್ತ್ರದಲ್ಲಿ ಇದನ್ನು ಸಂಕೇತದ ಸಿದ್ಧಾಂತ ಅನ್ನುತ್ತಾರೆ. ಮೈಕೆಲ್ ಸ್ಪೆನ್ಸ್ 1973ರಲ್ಲಿ ಇದರ ಮೇಲೆ ಬರೆದರು, 2001ರಲ್ಲಿ ನೊಬೆಲ್ ಹಂಚಿಕೊಂಡರು. ಯೋಗ್ಯನಿಗೆ ಸುಲಭ, ಅಯೋಗ್ಯನಿಗೆ ಕಷ್ಟ ಆಗಿದ್ದರೆ ಮಾತ್ರ ಒಂದು ಗುರುತಿಗೆ ಬೆಲೆ. 650 ರೂಪಾಯಿ ಇಬ್ಬರಿಗೂ ಒಂದೇ.

ಅಪಹಾಸ್ಯಕ್ಕೆ ಇನ್ನೊಂದು ಬೇರು ಇದೆ. ಟಿಕ್ಕಿನ ಜೊತೆ ಮುಂದಿನ ಸಾಲೂ ಮಾರಾಟವಾಯಿತು. 2023ರ ಮಾರ್ಚ್ 31ಕ್ಕೆ ಟ್ವಿಟರ್ ತನ್ನ ಶಿಫಾರಸು ವ್ಯವಸ್ಥೆಯ ಕೋಡ್ ಬಹಿರಂಗ ಮಾಡಿದಾಗ, ಚಂದಾದಾರರ ಪೋಸ್ಟಿಗೆ ಅವರನ್ನು ಹಿಂಬಾಲಿಸುವವರ ನಡುವೆ ನಾಲ್ಕು ಪಟ್ಟು, ಹೊರಗಿನವರ ನಡುವೆ ಎರಡು ಪಟ್ಟು ಅಂಕ ಸಿಗುವುದು ಅದರಲ್ಲಿ ಬರೆದೇ ಇತ್ತು. ಪ್ರತಿಕ್ರಿಯೆಗಳಲ್ಲೂ ಅವರೇ ಮೇಲೆ. ಮುಂದೆ ಜುಲೈನಿಂದ ಅರ್ಹ ಚಂದಾದಾರರಿಗೆ ಜಾಹೀರಾತು ಆದಾಯದಲ್ಲಿ ಪಾಲು ಸಿಗತೊಡಗಿತು. ಹೆಚ್ಚು ಮಂದಿಯ ಕಣ್ಣಿಗೆ ಬಿದ್ದಷ್ಟೂ ಕಾಸು. ಆಮೇಲೆ ಎಲ್ಲೆಲ್ಲಿಯ ಟಿಕ್‌ದಾರರೋ ಎಲ್ಲೆಲ್ಲಿಯ ಪೋಸ್ಟಿಗೋ ಬಂದು ಒಂದೊಂದು ಸಾಲು ಹಾಕಿ ಹೋಗುವುದು ಶುರುವಾಯಿತು.

ಜುಲೈ ತಿಂಗಳ ಒಂದು ಮಳೆಯ ಬೆಳಿಗ್ಗೆ, ಆರೂವರೆ ಗಂಟೆ. ಶಾಲೆಗೆ ರಜೆ ಎಂದು ಜಿಲ್ಲಾಡಳಿತದ ಖಾತೆಯಲ್ಲಿ ಪ್ರಕಟಣೆ. ಹೊಸನಗರದ ಒಬ್ಬ ತಾಯಿ ಕೆಳಗೆ ಕೇಳುತ್ತಾಳೆ: "ನಮ್ಮ ತಾಲ್ಲೂಕಿಗೂ ಇದ್ಯಾ ಸರ್? ಅಂಗನವಾಡಿಗೂ ಇದ್ಯಾ?" ಈ ಪ್ರಶ್ನೆಗೆ ಟಿಕ್ ಇಲ್ಲ. ಅದರ ಮೇಲೆ, ಊರು ಯಾವುದೆಂದೇ ಗೊತ್ತಿಲ್ಲದ ನಾಲ್ಕು ಟಿಕ್‌ದಾರರ ಹಸ್ತಲಾಘವದ ಇಮೋಜಿ, ಒಂದು ಷೇರು ಮಾರುಕಟ್ಟೆಯ ಜಾಹೀರಾತು. ಬಸ್ಸು ಬರುವುದರೊಳಗೆ ಆ ತಾಯಿಗೆ ಉತ್ತರ ಬೇಕು, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಥದ್ದನ್ನು ದಿನವೂ ಕಂಡವರು ನೀಲಿ ಟಿಕ್ ಎಂದರೆ ಸಾಲು ತಪ್ಪಿಸಿ ನುಗ್ಗಿದವನ ಗುರುತು ಎಂದು ಓದುವುದು ಸಹಜ, ನ್ಯಾಯವೂ ಹೌದು. ದೇವಸ್ಥಾನದ ವಿಶೇಷ ದರ್ಶನದ ಸಾಲನ್ನು ಕಂಡೂ ಜನ ಗೊಣಗುತ್ತಾರೆ. ಆದರೆ ಅಲ್ಲಿ ಸಾಲಿಗೆ ಬೇರೆ ಬಾಗಿಲು, ಬೇರೆ ಫಲಕ ಇರುತ್ತದೆ, ಯಾರಿಗೂ ಅದು ಭಕ್ತಿಯ ಗುರುತು ಎಂದು ಹೇಳುವುದಿಲ್ಲ. ಅಂದ ಹಾಗೆ, ಅರ್ಹ ಸರ್ಕಾರಿ ಖಾತೆಗಳಿಗೆ ಎಕ್ಸ್‌ನಲ್ಲಿ ಬೂದು ಬಣ್ಣದ ಟಿಕ್ ಸಿಗುತ್ತದೆ. ಮಳೆಗಾಲದಲ್ಲಿ ಸುಳ್ಳು ರಜೆ ಆದೇಶಗಳು ವಾಟ್ಸ್‌ಆ್ಯಪಿನಲ್ಲಿ ಹರಿದಾಡುವಾಗ ನೋಡಬೇಕಾದ್ದು ಆ ಬೂದು ಟಿಕ್ ಇರುವ ಖಾತೆಯನ್ನು.

ಎಲ್ಲ ಕಡೆಯೂ ನಾಚಿಕೆಯ ತೂಕ ಒಂದೇ ಅಲ್ಲ, ಈ ವ್ಯತ್ಯಾಸ ಬಹಳ ಹೇಳುತ್ತದೆ. ಸ್ನ್ಯಾಪ್‌ಚಾಟ್ ತನ್ನ ಪ್ಲಸ್ ಚಂದಾವನ್ನು 2022ರ ಆಗಸ್ಟ್‌ನಲ್ಲಿ ಭಾರತಕ್ಕೆ ತಂದಾಗ ತಿಂಗಳಿಗೆ 49 ರೂ. ಇಟ್ಟಿತು. ಕಾಲೇಜು ಹುಡುಗರು ಅದನ್ನು ಪೆನ್ನಿನ ಟೋಪಿ ಬದಲಿಸಿದಷ್ಟು ಸಲೀಸಾಗಿ ತಗೊಳ್ಳುತ್ತಾರೆ, ಯಾರೂ ಯಾರನ್ನೂ ಆಡಿಕೊಳ್ಳುವುದಿಲ್ಲ. ಅದು ಸಿಂಗಾರ, ಸಿಂಗಾರ ಎಂದೇ ಕಾಣುತ್ತದೆ. ಯೂಟ್ಯೂಬಿನಲ್ಲಿ ಒಂದು ಲಕ್ಷ ಚಂದಾದಾರರಾದ ಮೇಲೆ ಅರ್ಜಿ ಹಾಕಿದರೆ ಪರಿಶೀಲಿತ ಗುರುತು ಸಿಗುತ್ತದೆ, ದುಡ್ಡು ಕೊಟ್ಟು ಸಿಗುವುದಿಲ್ಲ. ಅದೇ ಒಂದು ಲಕ್ಷಕ್ಕೆ ಯೂಟ್ಯೂಬ್ ಕಳಿಸುವ ಬೆಳ್ಳಿ ಗುಂಡಿಯೂ (ಸಿಲ್ವರ್ ಪ್ಲೇ ಬಟನ್ ಫಲಕ) ಹಾಗೆಯೇ, ಅದಕ್ಕೇ ಅದು ಬಂದ ದಿನ ಇಡೀ ಮನೆ ಫೋಟೋಗೆ ನಿಲ್ಲುತ್ತದೆ. ಲಿಂಕ್ಡ್‌ಇನ್‌ನಲ್ಲಿ ಗುರುತು ಪರಿಶೀಲನೆಗೆ ದುಡ್ಡಿಲ್ಲ, ಡಿಜಿಲಾಕರ್ ಮೂಲಕ ಆಧಾರ್ ತೋರಿಸಿದರೆ ಸಾಕು. ಚಂದಾದ ಬಂಗಾರದ ಬಣ್ಣದ ಗುರುತು ಬೇರೆ. ಎರಡನ್ನೂ ಬೇರೆ ಇಟ್ಟದ್ದರಿಂದ ಅಲ್ಲಿ ಗುರುತು ಮಾಡಿಸಿಕೊಂಡವನನ್ನು ಯಾರೂ ಕೆಣಕುವುದಿಲ್ಲ.

ನಡುವೆ ಸಿಕ್ಕಿಕೊಂಡದ್ದು ಇನ್‌ಸ್ಟಾಗ್ರಾಂ, ಫೇಸ್‌ಬುಕ್. ಮಲೆನಾಡಿನ ವ್ಯಾಪಾರವೆಲ್ಲ ಇರುವುದೂ ಅಲ್ಲೇ. ಇವೆರಡನ್ನೂ ನಡೆಸುವ ಮೆಟಾ ಕಂಪನಿ ತನ್ನ ಚಂದಾವನ್ನು 2023ರ ಜೂನ್‌ನಲ್ಲಿ ಭಾರತಕ್ಕೆ ತಂದಾಗ ಆ್ಯಪಿನಲ್ಲಿ ತಿಂಗಳಿಗೆ 699 ರೂ. ಇಟ್ಟಿತು, ವೆಬ್‌ನಲ್ಲಿ 599 ರೂ.ಗೆ ಕೊಡುವುದಾಗಿ ಹೇಳಿತು. ಎಕ್ಸ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ: ಇಲ್ಲಿ ವೈಯಕ್ತಿಕ ಖಾತೆಗೆ ಸರ್ಕಾರಿ ಗುರುತಿನ ಚೀಟಿ ಕೊಡಲೇಬೇಕು, ಅದರ ಹೆಸರು ಮತ್ತು ಮುಖ ಪ್ರೊಫೈಲಿನ ಜೊತೆ ಹೊಂದಲೇಬೇಕು. ಹಾಗಾಗಿ ದುಡ್ಡು ಕೊಟ್ಟ ಟಿಕ್ಕೂ ಇಲ್ಲಿ ಒಂದು ನಿಜ ಹೇಳುತ್ತದೆ: ಈ ಹೆಸರಿನ ಮನುಷ್ಯನೇ ಈ ಖಾತೆಯ ಹಿಂದೆ ಇದ್ದಾನೆ. ಆದರೆ ಹಳೆಯ ಕಾಲದ ಪ್ರಸಿದ್ಧರ ಟಿಕ್ಕೂ ಇದೇ ಬಣ್ಣ, ಇದೇ ಆಕಾರ. ಅದಕ್ಕೇ ಹೋಂಸ್ಟೇ ಮಾಲೀಕ ತನ್ನ ಗುರುತು ತೋರಿಸಿದರೆ, ಊರಿನವನಿಗೆ ಅದು ಸಿನಿಮಾ ನಟನ ಪಕ್ಕ ಕುರ್ಚಿ ಹಾಕಿಕೊಂಡಂತೆ ಕಾಣುತ್ತದೆ. ಎಕ್ಸ್‌ನಲ್ಲಿ ಹುಟ್ಟಿದ ಅಪಹಾಸ್ಯ ಅದಕ್ಕೆ ಸಂಬಂಧವೇ ಇಲ್ಲದ ಕಡೆ ಬಂದು ಬಡಿಯುತ್ತದೆ. ಬಿಲ್ಡಪ್ ಕೊಡುವವನನ್ನು ಕಂಡರೆ ಮೊದಲೇ ಸಸಾರ ಮಾಡುವ ಊರಿನಲ್ಲಿ ಈ ಪೆಟ್ಟು ಜೋರಾಗಿಯೇ ಬೀಳುತ್ತದೆ.

ಈ ನಾಚಿಕೆಗೆ ತೆರಬೇಕಾದ ಬೆಲೆ ಸಣ್ಣದಲ್ಲ. ನಕಲಿ ಪುಟದ ಮೋಸ ಹೇಗೆ ನಡೆಯುತ್ತದೆ ನೋಡಿ. ಹೋಂಸ್ಟೇಯ ಫೋಟೋಗಳನ್ನೆಲ್ಲ ಇಳಿಸಿಕೊಂಡು, ಹೆಸರಿಗೆ ಒಂದು ಅಡಿಗೆರೆಯನ್ನೋ "ಅಫಿಶಿಯಲ್" ಎಂಬ ಪದವನ್ನೋ ಸೇರಿಸಿ ಹೊಸ ಪುಟ ತೆರೆಯುತ್ತಾರೆ. ವಾಟ್ಸ್‌ಆ್ಯಪ್ ನಂಬರ್ ಮಾತ್ರ ಬೇರೆ. ಜೋಗಕ್ಕೆ ನೀರು ಬಂದ ವಾರ, ಆಗಸ್ಟ್ 15ರ ಸುತ್ತಿನ ಸಾಲು ರಜೆ, ಇಂಥ ಹೊತ್ತಿನಲ್ಲಿ ಎಲ್ಲ ಕಡೆ ರೂಮು ತುಂಬಿರುತ್ತದೆ. ನಕಲಿ ಪುಟದಲ್ಲಿ ಮಾತ್ರ ಒಂದು ರೂಮು ಖಾಲಿ ಇರುತ್ತದೆ, ಅರ್ಧ ದುಡ್ಡು ಈಗಲೇ ಕಳಿಸಿದರೆ ಹಿಡಿದಿಡುತ್ತೇವೆ ಎನ್ನುತ್ತಾರೆ. ಬೆಂಗಳೂರಿನಿಂದ ಮುನ್ನೂರು ಚಿಲ್ಲರೆ ಕಿಲೋಮೀಟರ್ ಮಳೆಯಲ್ಲಿ ಗಾಡಿ ಓಡಿಸಿಕೊಂಡು ಬಂದ ಕುಟುಂಬ, ಮಕ್ಕಳ ಸಮೇತ, ರಾತ್ರಿ ಎಂಟಕ್ಕೆ ದಣಪೆಯ ಮುಂದೆ ನಿಲ್ಲುತ್ತದೆ. ನೆಟ್‌ವರ್ಕ್ ಇಲ್ಲ. ಹೊರಗೆ ಬಂದ ಅಸಲಿ ಮಾಲೀಕನಿಗೆ ಇವರು ಯಾರೆಂದೇ ಗೊತ್ತಿಲ್ಲ. ಬೈಸಿಕೊಳ್ಳುವವನು ಅವನು, ಒಂದು ನಕ್ಷತ್ರದ ವಿಮರ್ಶೆ ಬೀಳುವುದು ಅವನ ಪುಟಕ್ಕೆ. ಅಡಿಕೆ ಸಸಿ ಮಾರುವ ನರ್ಸರಿಗೂ, ಹಪ್ಪಳ ಉಪ್ಪಿನಕಾಯಿ ಕಳಿಸುವ ಮಹಿಳಾ ಸಂಘಕ್ಕೂ ಇದೇ ಪಾಡು ಬರಬಹುದು. ಹೆಣ್ಣುಮಕ್ಕಳ ಫೋಟೋ ಕದ್ದು ನಡೆಸುವ ನಕಲಿ ಖಾತೆಗಳ ಕಥೆ ಇನ್ನೂ ಕ್ರೂರ. ಇಂಥವರು ತಿಂಗಳಿಗೆ ಆರೇಳು ನೂರು ಕೊಟ್ಟು ನಕಲಿಯ ಮೇಲೆ ನಿಗಾ ಮತ್ತು ಮನುಷ್ಯರ ಸಹಾಯವಾಣಿ ಪಡೆದರೆ ಅದನ್ನು ಶೋಕಿ ಅನ್ನುವುದು ತಪ್ಪು. ವೈಯಕ್ತಿಕ ಚಂದಾ ತಿಂಗಳಿಗೆ 699 ರೂ. ಲೆಕ್ಕದಲ್ಲಿ ವರ್ಷಕ್ಕೆ 8,388 ರೂ. ಆಯಿತು. ತಲೆಗೆ ಎರಡು ಸಾವಿರದಂತೆ ನಾಲ್ಕು ಜನ ಒಂದು ರಾತ್ರಿ ಉಳಿದರೆ ಹೆಚ್ಚುಕಡಿಮೆ ಅಷ್ಟೇ ದುಡ್ಡು.

ಮಾಡಿಸುವುದಾದರೆ ಎಲ್ಲಿ ಎಡವುತ್ತಾರೆ ಎಂದು ಮೊದಲೇ ತಿಳಿದಿರಬೇಕು.

ಹೆಸರಿನಲ್ಲಿ ಬೀಳುವ ಪೆಟ್ಟೇ ಹೆಚ್ಚು. ನಮ್ಮಲ್ಲಿ ಇನಿಷಿಯಲ್ ಮುಂದೆ ಬರೆಯುವವರು, ಊರಿನ ಹೆಸರು ಹಿಂದೆ ಸೇರಿಸುವವರು, "ಭಟ್ರು", "ಗೌಡ್ರು" ಅಂತಲೇ ಪರಿಚಿತರಾದವರು ಬಹಳ. ಆಧಾರಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದು ಪ್ರೊಫೈಲಿನಲ್ಲಿ ಎರಡಕ್ಷರ ಇದ್ದರೆ ಅರ್ಜಿ ವಾಪಸ್ ಬರಬಹುದು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಇದ್ದರೂ ತೊಂದರೆ. ಅರ್ಜಿಗೆ ಮೊದಲೇ ಚೀಟಿಯಲ್ಲಿ ಇರುವ ಹಾಗೆಯೇ ಹೆಸರು ಬದಲಿಸಿ, ಒಂದೆರಡು ವಾರ ಬಿಟ್ಟು ಅರ್ಜಿ ಹಾಕುವುದು ಒಳ್ಳೆಯದು. ಟಿಕ್ ಬಂದ ಮೇಲೆ ಹೆಸರು, ಫೋಟೋ ಮುಟ್ಟಿದರೆ ಮತ್ತೆ ಪರಿಶೀಲನೆ ಆಗಬೇಕಾಗುತ್ತದೆ. ಎಕ್ಸ್‌ನಲ್ಲೂ ಹೆಸರು ಬದಲಿಸಿದರೆ ಪರಿಶೀಲನೆ ಮುಗಿಯುವ ತನಕ ಟಿಕ್ ಮಾಯವಾಗುತ್ತದೆ.

ಯಕ್ಷಗಾನದವರಿಗೆ ಫೋಟೋದ ಸಮಸ್ಯೆ. ಮುಖಕ್ಕೆ ಬಣ್ಣ, ತಲೆಗೆ ಕೇದಗೆ ಮುಂದಲೆ ಕಟ್ಟಿದ ಚಿತ್ರ ಪ್ರೊಫೈಲಿನಲ್ಲಿದ್ದರೆ ಆಧಾರ್ ಮುಖದ ಜೊತೆ ಯಾವ ಯಂತ್ರವೂ ಹೊಂದಿಸಲಾರದು. ಬಣ್ಣ ತೆಗೆದ ಮುಖದ ಒಂದು ಸ್ಪಷ್ಟ ಫೋಟೋ ಪ್ರೊಫೈಲಿಗೆ ಹಾಕಿ, ವೇಷದ ಚಿತ್ರಗಳನ್ನು ಪೋಸ್ಟುಗಳಲ್ಲಿ ಮೇಲೆ ಅಂಟಿಸಿಕೊಳ್ಳಬಹುದು. ಇನ್ನು ಹೋಂಸ್ಟೇ, ನರ್ಸರಿಗಳು ಮಾಡುವ ತಪ್ಪು ಬೇರೆ: ವೈಯಕ್ತಿಕ ಚಂದಾಗೆ ದುಡ್ಡು ಕಟ್ಟುತ್ತಾರೆ. ವೈಯಕ್ತಿಕ ಟಿಕ್ ಮನುಷ್ಯನ ಹೆಸರಿಗೆ ಮಾತ್ರ. ಪುಟಕ್ಕೆ ಹೋಂಸ್ಟೇಯ ಹೆಸರೇ ಇರಬೇಕೆಂದರೆ ವ್ಯಾಪಾರದ ಚಂದಾ ಬೇಕು, ಅದರ ದರಪಟ್ಟಿ, ದಾಖಲೆ ಎಲ್ಲ ಬೇರೆ.

ಪಾಸ್‌ವರ್ಡಿನ ಜೊತೆ ಇನ್ನೊಂದು ಸಂಖ್ಯೆಯನ್ನೂ ಕೇಳುವ ಎರಡು ಹಂತದ ಭದ್ರತೆ ಹಾಕದೆ ಮೆಟಾದಲ್ಲಿ ಅರ್ಜಿ ಮುಂದೆ ಹೋಗುವುದಿಲ್ಲ. ಇಲ್ಲಿ ಮಲೆನಾಡಿಗೇ ವಿಶೇಷವಾದ ತೊಡಕು: ಎಸ್‌ಎಂಎಸ್ ಒಟಿಪಿ ನಂಬಿಕೊಂಡರೆ, ಗಾಳಿ ಮಳೆಗೆ ಕರೆಂಟು ಹೋಗಿ ಟವರ್ ಮಲಗಿದ ದಿನ ನಿಮ್ಮ ಖಾತೆಗೆ ನೀವೇ ಹೊರಗಿನವರು. ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ, ಅದರ ಸಂಖ್ಯೆ ಹುಟ್ಟುವುದು ಫೋನಿನೊಳಗೇ, ಎಸ್‌ಎಂಎಸ್ ಬರಬೇಕಾಗಿಲ್ಲ. ಜೊತೆಗೆ ಕೊಡುವ ಬ್ಯಾಕಪ್ ಸಂಖ್ಯೆಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಡಿ. ಮುಖದ ವಿಡಿಯೋ ಕೇಳಿದರೆ, ಮಬ್ಬು ಬೆಳಕಿನ ನಡುಮನೆಯಲ್ಲಿ ಮಾಡಬೇಡಿ. ಬೆಳಗಿನ ಹೊತ್ತು, ಜಗುಲಿಯ ಅಂಚಿನಲ್ಲಿ, ನೆಟ್ ಗಟ್ಟಿ ಇರುವ ಕಡೆ ಮಾಡಿ. ಬೇಕಾದರೆ ಪೇಟೆಗೆ ಹೋದ ದಿನ.

ಆ್ಯಪಿಗಿಂತ ವೆಬ್‌ನಲ್ಲಿ ಕಡಿಮೆ ಯಾಕೆಂದರೆ ಆ್ಯಪ್ ಅಂಗಡಿಯ ಕಮಿಷನ್ನು ಗ್ರಾಹಕನ ಮೇಲೆ ಬೀಳುತ್ತದೆ. ಎಕ್ಸ್ 2025ರ ಜುಲೈನಲ್ಲಿ ಭಾರತದ ದರ ಇಳಿಸಿ ವೆಬ್‌ಗೆ 427 ರೂ., ಫೋನಿಗೆ 470 ರೂ. ಮಾಡಿತು. ಕಟ್ಟುವ ದಿನ ಪುಟದಲ್ಲಿ ಕಾಣುವ ದರವನ್ನೇ ನೋಡಿಕೊಳ್ಳಿ. ಕಂತು ತಾನಾಗಿ ಕಡಿತವಾಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕು, ಅದನ್ನು ಜಾಹೀರಾತು ಎಂದು ಅಳಿಸಿಬಿಡಬೇಡಿ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಎಲ್ಲಿ ಕಟ್ಟಿದ್ದೀರೋ ಅಲ್ಲೇ, ಪ್ಲೇ ಸ್ಟೋರಿನ ಚಂದಾ ಪಟ್ಟಿಯಲ್ಲೋ ಯುಪಿಐ ಆಟೋಪೇ ಪಟ್ಟಿಯಲ್ಲೋ ಹೋಗಿ ರದ್ದು ಮಾಡಬೇಕು.

"ಟಿಕ್ ಮಾಡಿಸಿಕೊಡ್ತೇವೆ" ಎಂದು ಸಂದೇಶ ಕಳಿಸುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಮ್ಮ ಪುಟ ನಿಯಮ ಮುರಿದಿದೆ, 24 ಗಂಟೆಯಲ್ಲಿ ಮುಚ್ಚುತ್ತೇವೆ, ಈ ಫಾರಂ ತುಂಬಿ ಎನ್ನುವ ಬೆದರಿಕೆಯೂ ಅದೇ ಗುಂಪಿನದು. ಪಾಸ್‌ವರ್ಡ್, ಒಟಿಪಿ ಕೈಗೆ ಸಿಕ್ಕ ಕೂಡಲೇ ಖಾತೆ ಅವರದು. ಅರ್ಜಿ ಇರುವುದು ಆ್ಯಪಿನ ಅಥವಾ ಅದರ ವೆಬ್‌ಸೈಟಿನ ಸೆಟ್ಟಿಂಗ್ಸ್ ಒಳಗೆ ಮಾತ್ರ. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಟಿಕ್ ಏನು ಮಾಡುವುದಿಲ್ಲ ಎನ್ನುವುದೂ ಗೊತ್ತಿರಲಿ. ಅದು ಮನುಷ್ಯನ ಗುರುತು ಹೇಳುತ್ತದೆ, ಅವನ ಪ್ರಾಮಾಣಿಕತೆ ಹೇಳುವುದಿಲ್ಲ. ಹೋಂಸ್ಟೇಗೆ ಪರವಾನಗಿ ಇದೆಯೋ, ಸಸಿ ಒಳ್ಳೆಯ ತಳಿಯದೋ, ಅದಕ್ಕೆ ಗೊತ್ತಿಲ್ಲ.

ಕೊನೆಗೂ ಈ ಗೊಂದಲದ ಹೊಣೆ ಬಳಸುವವರದ್ದಲ್ಲ. ಗುರುತು, ಅಂತಸ್ತು, ಮುಂದಿನ ಸಾಲು, ಮೂರನ್ನೂ ಒಂದೇ ನೀಲಿ ಚುಕ್ಕಿಯಲ್ಲಿ ಕಟ್ಟಿ ಮಾರಿದವರದ್ದು. ಭಾರತದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ 4(7)ನೇ ನಿಯಮ ಓದಿದರೆ ಆಶ್ಚರ್ಯವಾಗುತ್ತದೆ: 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಸಾಮಾಜಿಕ ಜಾಲತಾಣ, ಇಲ್ಲಿನ ಬಳಕೆದಾರ ಬಯಸಿದರೆ ಮೊಬೈಲ್ ನಂಬರಿನಂಥ ಸೂಕ್ತ ವಿಧಾನದಲ್ಲಿ ಖಾತೆಯನ್ನು ಪರಿಶೀಲಿಸಿ, ಎಲ್ಲರಿಗೂ ಕಾಣುವ ಗುರುತು ಕೊಡಬೇಕು. ಹಾಗೆ ಪಡೆದ ಮಾಹಿತಿಯನ್ನು ಬಳಕೆದಾರ ಒಪ್ಪದೆ ಬೇರೆ ಕೆಲಸಕ್ಕೆ ಬಳಸಬಾರದು. ಈ ನಿಯಮದ ಉದ್ದೇಶ ಪೂರ್ತಿ ಜಾರಿಯಾಗಿದ್ದರೆ ತೀರ್ಥಹಳ್ಳಿಯ ನರ್ಸರಿಯವರು ತಾವು ತಾವೇ ಎಂದು ತೋರಿಸಲು ತಿಂಗಳ ಬಾಡಿಗೆ ಕಟ್ಟಬೇಕಿರಲಿಲ್ಲ. ಯುರೋಪಿನಲ್ಲಿ ಈ ವಿಷಯ ದಂಡದ ತನಕ ಹೋಗಿದೆ: 2025ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಆಯೋಗ ಎಕ್ಸ್‌ಗೆ 12 ಕೋಟಿ ಯೂರೋ ದಂಡ ಹಾಕಿತು. ಕೊಟ್ಟ ಕಾರಣಗಳಲ್ಲಿ ಒಂದು, ಖಾತೆಯ ಹಿಂದೆ ಯಾರಿದ್ದಾರೆಂದು ಸರಿಯಾಗಿ ಪರಿಶೀಲಿಸದೆ ದುಡ್ಡು ಕೊಟ್ಟವರಿಗೆ ಪರಿಶೀಲಿತ ಗುರುತು ಕೊಟ್ಟು ಜನರನ್ನು ದಾರಿತಪ್ಪಿಸಿದ್ದು. ಗುರುತಿಗೆ ಒಂದು ಬಣ್ಣ, ಬಿಟ್ಟಿಯಾಗಿ. ಚಂದಾಗೆ ಇನ್ನೊಂದು ಬಣ್ಣ, ಚಂದಾ ಎಂದೇ ಬರೆದು. ಇಷ್ಟು ಮಾಡಲು ಯಾವ ಹೊಸ ತಂತ್ರಜ್ಞಾನವೂ ಬೇಕಿಲ್ಲ.

ಅಲ್ಲಿಯ ತನಕ ಟಿಕ್ ತಗೊಂಡವರು ಫ್ಯಾನಿನ ಮೇಲಿನ ಬರಹದ ದಾರಿ ಹಿಡಿಯಬಹುದು, ಅಂದರೆ ಮುಚ್ಚಿಡದೆ ಹೇಳುವುದು. ಪುಟದ ಪರಿಚಯದಲ್ಲಿ ಒಂದು ಸಾಲು ಸಾಕು: "ನಮ್ಮ ಹೆಸರಿನಲ್ಲಿ ನಕಲಿ ಪುಟಗಳಿವೆ, ಅದಕ್ಕೆ ಚಂದಾ ಕಟ್ಟಿ ಗುರುತು ಮಾಡಿಸಿದ್ದೇವೆ." ಅದರ ಕೆಳಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ, ಮನೆಯ ಸ್ಥಿರ ದೂರವಾಣಿ, ಮುಂಗಡ ಯಾವ ಹೆಸರಿನ ಬ್ಯಾಂಕ್ ಖಾತೆಗೆ ಹೋಗಬೇಕು ಎಂಬ ವಿವರ. ಬರುವವರು ದುಡ್ಡು ಕಳಿಸುವ ಮೊದಲು ಯುಪಿಐ ಪರದೆಯಲ್ಲಿ ಕಾಣುವ ಹೆಸರನ್ನು ಇದರ ಜೊತೆ ಹೊಂದಿಸಿ ನೋಡಲಿ, ಬೇರೆ ಹೆಸರು ಬಂದರೆ ಅಲ್ಲೇ ನಿಲ್ಲಿಸಿ ಸ್ಥಿರ ದೂರವಾಣಿಗೆ ಒಂದು ಫೋನ್ ಮಾಡಲಿ.